ಬೇಲಿಯ ಬಾಗಿಲು ಯಾವ ಕಡೆಗೆ ತೆರೆಯಬೇಕು?

2025ರ ಡಿಸೆಂಬರ್ 13ರಂದು ಲಯೊನೆಲ್ ಮೆಸ್ಸಿ ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂಗೆ ಬಂದುಹೋದ ಮೇಲೆ ಅಲ್ಲಿ ನಡೆದದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಸಾವಿರಾರು ರೂಪಾಯಿ ಕೊಟ್ಟು ಟಿಕೆಟ್ ಕೊಂಡವರಿಗೆ ಅವನ ಮುಖವೂ ಸರಿಯಾಗಿ ಕಾಣಲಿಲ್ಲ. ಅವನ ಸುತ್ತ ರಾಜಕಾರಣಿಗಳು, ಗಣ್ಯರು, ಅವರ ಜೊತೆ ಬಂದವರು, ಫೋನು ಎತ್ತಿ ಹಿಡಿದವರು. ಸ್ವಲ್ಪ ಹೊತ್ತಿಗೆಲ್ಲ ಆತ ಹೊರಟೇಹೋದ. ಆಮೇಲೆ ಬಾಟಲಿಗಳು ಹಾರಿದವು, ಕುರ್ಚಿಗಳು ಕಿತ್ತು ಬಂದವು, ಜನ ಮೈದಾನಕ್ಕೆ ನುಗ್ಗಿದರು.

ಸೋಮವಾರ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದೇ ಮಾತು. ಬಂಗಾಳಿ ಸಹೋದ್ಯೋಗಿಯೊಬ್ಬರಿಗೆ ತಮ್ಮ ಊರಿನ ಮಾನ ಹೋಯಿತೆಂಬ ಸಂಕಟ. ದಾಟಲಾಗದಷ್ಟು ಎತ್ತರದ ಬೇಲಿ ಹಾಕಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದರು. ಮಲಪ್ಪುರಂ ಕಡೆಯ ಇನ್ನೊಬ್ಬರು ನಕ್ಕರು. ಅವರ ಊರಿನ ಸೆವೆನ್ಸ್ ಪಂದ್ಯಗಳಲ್ಲಿ ಜನ ಆಟದ ಗೆರೆಯ ಪಕ್ಕದಲ್ಲೇ ಕೂತು ನೋಡುತ್ತಾರಂತೆ. ಬೇಲಿ ಕಟ್ಟಿದರೆ ಅದು ಫುಟ್‌ಬಾಲೇ ಅಲ್ಲ ಅಂದರು. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಉದ್ಯೋಗವೇ ಬೇಲಿಯದ್ದು. ಠಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದೇನೆ. ಯಾವ ಯಂತ್ರಕ್ಕೆ ಗಾರ್ಡ್ ಬೇಕು, ಯಾವ ಬಾಗಿಲಿಗೆ ಬೀಗ ಇರಕೂಡದು ಎಂದು ನೋಡುವುದೇ ನನ್ನ ದಿನಚರಿ. ಕ್ಯಾಂಟೀನಿನಲ್ಲಿ ಅರ್ಧ ಗಂಟೆಯಲ್ಲಿ ಹೇಳಿ ಮುಗಿಯದ ಮಾತನ್ನು ಇಲ್ಲಿ ಹೇಳಲು ನೋಡುತ್ತೇನೆ.

ಮೊದಲು ಬೇಲಿ ಬೇಕು ಎನ್ನುವವರ ಮಾತು ಕೇಳೋಣ. ಅದು ಹಗುರವಾದ ಮಾತಲ್ಲ.

ನಮಗೆ ಮೈದಾನವೆಂದರೆ ಸಂಜೆಯ ಮೋಜು, ಆಟಗಾರನಿಗೆ ಅದು ಕೆಲಸದ ಜಾಗ. ಕೆಲಸದ ಜಾಗದಲ್ಲಿ ಯಾರೋ ಹಿಂದಿನಿಂದ ಬಂದು ಹೊಡೆಯಬಾರದು ಎಂದು ಬಯಸುವ ಹಕ್ಕು ಬ್ಯಾಂಕಿನ ಗುಮಾಸ್ತನಿಗೆ ಎಷ್ಟಿದೆಯೋ ಅವನಿಗೂ ಅಷ್ಟೇ ಇದೆ. 2019ರ ಮಾರ್ಚ್ 10ರಂದು ಬರ್ಮಿಂಗ್‌ಹ್ಯಾಮ್ ನಗರದ ಎರಡು ತಂಡಗಳ ಪಂದ್ಯದಲ್ಲಿ ಒಬ್ಬ ಪ್ರೇಕ್ಷಕ ಓಡಿಬಂದು ಆಸ್ಟನ್ ವಿಲ್ಲಾದ ಜಾಕ್ ಗ್ರೀಲಿಶ್‌ಗೆ ಹಿಂದಿನಿಂದ ಗುದ್ದಿದ. ಗ್ರೀಲಿಶ್ ಎದ್ದು ಆಡಿ ಆ ಪಂದ್ಯದ ಏಕೈಕ ಗೋಲನ್ನೂ ಹೊಡೆದರು. ಗುದ್ದಿದವನಿಗೆ ಮರುದಿನವೇ 14 ವಾರಗಳ ಜೈಲಾಯಿತು. ಆದರೆ ಅವನ ಕೈಯಲ್ಲಿ ಚಾಕು ಇದ್ದಿದ್ದರೆ? 1993ರಲ್ಲಿ ಹ್ಯಾಂಬರ್ಗ್‌ನಲ್ಲಿ ಟೆನಿಸ್ ಆಟಗಾರ್ತಿ ಮೋನಿಕಾ ಸೆಲೆಸ್ ಬೆನ್ನಿಗೆ ಚಾಕು ಹಾಕಿದವನೂ ಒಬ್ಬ ಪ್ರೇಕ್ಷಕನೇ. ನಮ್ಮಲ್ಲೇ ನೋಡಿ, 2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅರಿಕ್ಕೋಡ್ ಬಳಿ ಸೆವೆನ್ಸ್ ಆಡಲು ಬಂದ ಐವರಿ ಕೋಸ್ಟ್‌ನ ಯುವಕನೊಬ್ಬನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ತನ್ನ ಬಣ್ಣ ಹಿಡಿದು ಬೈದರೆಂದೂ ಅವನು ದೂರು ಕೊಟ್ಟ. ನನ್ನ ಮಿತ್ರರ 'ಗೆರೆಯ ಪಕ್ಕದಲ್ಲೇ' ಎಂಬ ಹೆಮ್ಮೆಗೆ ಈ ಮುಖವೂ ಇದೆ. ಅಪಾಯ ಎರಡೂ ಕಡೆಯಿಂದ ಬರಬಹುದೆನ್ನಿ: 1995ರ ಜನವರಿಯಲ್ಲಿ ಎರಿಕ್ ಕಾಂಟೊನಾ ತನ್ನನ್ನು ಬೈದ ಪ್ರೇಕ್ಷಕನ ಎದೆಗೆ ಜಾಹೀರಾತು ಹಲಗೆಗಳ ಮೇಲಿಂದ ಹಾರಿ ಒದ್ದದ್ದನ್ನು ಆ ಕಾಲದವರು ಮರೆತಿಲ್ಲ.

ಹಾಗಾದರೆ ಬೇಲಿ ಹಾಕಿಬಿಡೋಣ ಎನಿಸುತ್ತದೆ. ಇಂಗ್ಲೆಂಡಿನವರಿಗೂ ಹಾಗೇ ಎನಿಸಿತ್ತು. 1970ರ ದಶಕದಲ್ಲಿ ಪುಂಡಾಟ ಹೆಚ್ಚಿದಂತೆ ಅಲ್ಲಿನ ದೊಡ್ಡ ಮೈದಾನಗಳಲ್ಲಿ ನಿಂತು ನೋಡುವವರ ಮುಂದೆ ಕಬ್ಬಿಣದ ಬೇಲಿಗಳು ಎದ್ದವು. ಎಷ್ಟೋ ಕಡೆ ಬೇಲಿಯ ತುದಿ ಪ್ರೇಕ್ಷಕರ ಕಡೆಗೆ ಬಾಗಿರುತ್ತಿತ್ತು, ಹತ್ತಿದವನು ದಾಟಲಾಗದ ಹಾಗೆ. 1985ರಲ್ಲಿ ಚೆಲ್ಸಿ ಕ್ಲಬ್ಬಿನ ಅಧ್ಯಕ್ಷ ಕೆನ್ ಬೇಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೇಲಿಗೆ ವಿದ್ಯುತ್ ತಂತಿಯನ್ನೇ ಎಳೆಸಿದರು. ಅವರಿಗೊಂದು ಹೈನುಗಾರಿಕೆಯ ಫಾರ್ಮ್ ಇತ್ತು. ದನಗಳನ್ನು ತಡೆಯುವ ತಂತಿ ಜನರನ್ನೂ ತಡೆಯುತ್ತದೆ ಎಂಬುದು ಅವರ ಲೆಕ್ಕ. ಲಂಡನ್ನಿನ ಸ್ಥಳೀಯ ಆಡಳಿತ ಒಪ್ಪಿಗೆ ಕೊಡದ್ದರಿಂದ ಅದರಲ್ಲಿ ವಿದ್ಯುತ್ ಹರಿಯಲಿಲ್ಲ. ಆದರೆ ಗ್ಯಾಲರಿಯಲ್ಲಿ ನಿಂತವರನ್ನು ಅಂದಿನ ಕ್ಲಬ್ಬುಗಳು ಹೇಗೆ ನೋಡುತ್ತಿದ್ದವು ಎಂದು ತಿಳಿಯಲು ಆ ತಂತಿಯೊಂದೇ ಸಾಕು.

ಅದೇ ವರ್ಷದ ಮೇ 11ರ ಶನಿವಾರ ಬ್ರಾಡ್‌ಫರ್ಡ್‌ನ ವ್ಯಾಲಿ ಪೆರೇಡ್ ಮೈದಾನದಲ್ಲಿ ಎಪ್ಪತ್ತು ವರ್ಷ ದಾಟಿದ ಮರದ ಗ್ಯಾಲರಿಗೆ ಬೆಂಕಿ ಬಿತ್ತು. ಹಲಗೆಗಳ ಕೆಳಗೆ ವರ್ಷಗಟ್ಟಲೆ ಕಸ ತುಂಬಿತ್ತು. ಕೆಲವೇ ನಿಮಿಷಗಳಲ್ಲಿ ಇಡೀ ಚಾವಣಿ ಹೊತ್ತಿಕೊಂಡಿತು. ಬಂದ ದಾರಿಯಲ್ಲೇ ಹೋಗೋಣವೆಂದು ಹಿಂದಕ್ಕೆ ಓಡಿದವರಲ್ಲಿ ಹಲವರಿಗೆ ಮುಚ್ಚಿದ ಬಾಗಿಲುಗಳು ಎದುರಾದವು. 56 ಮಂದಿ ಸತ್ತರು. ಮುಂದಕ್ಕೆ ಓಡಿದವರು ಗಿಡ್ಡ ಗೋಡೆ ಹಾರಿ ಹುಲ್ಲಿನ ಮೇಲೆ ಬಿದ್ದು ಬದುಕಿಕೊಂಡರು. ಆ ಗ್ಯಾಲರಿಯ ಮುಂದೆ ಕಬ್ಬಿಣದ ಬೇಲಿ ಇರಲಿಲ್ಲ. ಇದ್ದಿದ್ದರೆ ಸತ್ತವರ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೋ ಊಹಿಸುವುದೂ ಕಷ್ಟ.

ಈ ಪಾಠ ಮನಸ್ಸಿಗೆ ಇಳಿಯುವ ಮೊದಲೇ, ಮೇ 29ರಂದು, ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಅಭಿಮಾನಿಗಳ ಗುಂಪೊಂದು ನಡುವಿನ ತೆಳು ಬೇಲಿ ದಾಟಿ ಪಕ್ಕದವರ ಮೇಲೆ ನುಗ್ಗಿತು. ಹಿಂದೆ ಸರಿದವರು ಗೋಡೆಗೆ ಒತ್ತಿಕೊಂಡರು, ಗೋಡೆ ಕುಸಿಯಿತು, 39 ಜನ ಸತ್ತರು. ಹೆಚ್ಚಿನವರು ಇಟಲಿಯವರು. ಒಂದೇ ತಿಂಗಳಲ್ಲಿ ಎರಡು ದುರಂತ, ಎರಡು ವಿರುದ್ಧ ಪಾಠ. ಬ್ರಾಡ್‌ಫರ್ಡ್ ಹೇಳಿದ್ದು ದಾರಿ ಬಿಡಿ ಎಂದು. ಹೈಸೆಲ್ ಹೇಳಿದ್ದು ಗಟ್ಟಿಯಾಗಿ ಕಟ್ಟಿ ಎಂದು. ಎರಡನೆಯದೇ ಜೋರಾಗಿ ಕೇಳಿಸಿತು.

ಈಗ 1989ರ ಏಪ್ರಿಲ್ 15ಕ್ಕೆ ಬರೋಣ. ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್‌ಎ ಕಪ್ ಸೆಮಿಫೈನಲ್. ಲೆಪಿಂಗ್ಸ್ ಲೇನ್ ಕಡೆ ಲಿವರ್‌ಪೂಲಿನವರ ಜಾಗ. ಆ ಜಾಗವನ್ನು ಅಡ್ಡಬೇಲಿ ಹಾಕಿ ಹಲವು ಅಂಕಣಗಳಾಗಿ ಭಾಗ ಮಾಡಿದ್ದರು, ಮುಂದೆ ಎತ್ತರದ ಬೇಲಿ, ಅದರಲ್ಲಿ ಒಬ್ಬೊಬ್ಬರೇ ನುಸುಳಬಹುದಾದ ಸಣ್ಣ ಬಾಗಿಲುಗಳು. ಆ ಅಂಕಣಗಳಿಗೆ ಇಂಗ್ಲಿಷಿನವರು ಇಟ್ಟ ಹೆಸರು 'ಪೆನ್'. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದೊಡ್ಡಿ. ಹೊರಗೆ ಟಿಕೆಟ್ ಗೇಟುಗಳ ಮುಂದೆ ಒತ್ತಡ ಹೆಚ್ಚಾದಾಗ, ಮಧ್ಯಾಹ್ನ 2.52ಕ್ಕೆ, ಪೊಲೀಸರು ಒಂದು ದೊಡ್ಡ ಗೇಟು ತೆರೆಸಿದರು. ಬಂದವರಿಗೆ ಎದುರಿಗೇ ಕಂಡದ್ದು ನಡುವಿನ ಅಂಕಣಗಳಿಗೆ ಹೋಗುವ ಸುರಂಗದಾರಿ. ಆ ಅಂಕಣಗಳು ಆಗಲೇ ತುಂಬಿದ್ದವು. ಅಕ್ಕಪಕ್ಕದ ಅಂಕಣಗಳಲ್ಲಿ ಜಾಗವಿತ್ತು, ಆದರೆ ಅತ್ತ ಕಳಿಸಲು ಯಾರೂ ನಿಂತಿರಲಿಲ್ಲ. ಹಿಂದಿನಿಂದ ಬರುವವರಿಗೆ ಮುಂದೆ ಏನಾಗುತ್ತಿದೆ ಎಂದು ಕಾಣದು; ಮುಂದಿದ್ದವರಿಗೆ ಬೇಲಿ ಬಿಟ್ಟು ಬೇರೆ ದಿಕ್ಕಿಲ್ಲ. ಮೂರು ಗಂಟೆಗೆ ಪಂದ್ಯ ಶುರುವಾಯಿತು. 3.06ಕ್ಕೆ ನಿಲ್ಲಿಸಿದರು. ಅಲ್ಲಿ ಆದ ಗಾಯಗಳಿಂದ ಸತ್ತವರು ಒಟ್ಟು 97 ಮಂದಿ. ಕೊನೆಯವರು 32 ವರ್ಷ ನರಳಿ 2021ರಲ್ಲಿ ತೀರಿಕೊಂಡರು.

ಈ ಘಟನೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಬೇಲಿ ಎಷ್ಟು ಗಟ್ಟಿಯಾಗಿತ್ತು ಎಂಬುದಲ್ಲ. ಉಸಿರು ಕಟ್ಟಿ ಬೇಲಿ ಹತ್ತುತ್ತಿದ್ದವರನ್ನು ಪೊಲೀಸರು ನೋಡಿದರು. ಅವರು ಕುರುಡರಾಗಿರಲಿಲ್ಲ, ಎಲ್ಲರೂ ಕಟುಕರೂ ಆಗಿರಲಿಲ್ಲ. ಆದರೆ ಹಲವರಿಗೆ ಮೊದಲು ಕಂಡದ್ದು ಮೈದಾನಕ್ಕೆ ನುಗ್ಗಲು ನೋಡುತ್ತಿರುವ ಪುಂಡರು. ಹತ್ತಿ ಬಂದವರಲ್ಲಿ ಕೆಲವರನ್ನು ಮೊದಲಿಗೆ ವಾಪಸು ತಳ್ಳಿದ್ದೂ ಉಂಟು. ಯಾಕೆ ಹಾಗೆ ಕಂಡಿತು? ಬೇಲಿ ಇದ್ದದ್ದೇ ಅದಕ್ಕೆ ತಾನೆ! ಅದರ ಆಚೆ ಇರುವವರು ನುಗ್ಗುವವರು, ಈಚೆ ಇರುವವರು ತಡೆಯುವವರು ಎಂದು ವರ್ಷಗಟ್ಟಲೆ ಆ ಕಬ್ಬಿಣ ಕಾವಲುಗಾರರ ಕಣ್ಣಿಗೆ ಪಾಠ ಹೇಳಿಕೊಟ್ಟಿತ್ತು. ಸಾಯುವವನ ಕೈ ಮೇಲೆದ್ದಾಗ ಅದು ಹೊಡೆಯಲು ಎತ್ತಿದ ಕೈಯಂತೆ ಕಂಡಿತು.

ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ನಾವು ಕಾಯಬೇಕಾದವನು ಕದ್ದಾಗ ಬಳಸುತ್ತೇವೆ. ಹಿಲ್ಸ್‌ಬರೊದಲ್ಲಿ ಬೇಲಿ ಎದ್ದು ಬರಬೇಕಾಗಿರಲಿಲ್ಲ; ನಿಂತಲ್ಲೇ ನಿಂತಿತು, ಅಷ್ಟೇ ಸಾಕಾಯಿತು. ಅನುಮಾನ ಅಂದಿಗೇ ಮುಗಿಯಲೂ ಇಲ್ಲ. ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರು ಎಂದು ಪೊಲೀಸ್ ಅಧಿಕಾರಿ ಅಲ್ಲೇ ಸುಳ್ಳು ಹೇಳಿದರು. ಕುಡಿದ ಪುಂಡರಿಂದಲೇ ಇದಾಯಿತೆಂದು ಪತ್ರಿಕೆಗಳೂ ಬರೆದವು. ಸತ್ತವರ ಮನೆಯವರು ಇಪ್ಪತ್ತೇಳು ವರ್ಷ ಹೋರಾಡಿದ ಮೇಲೆ, 2016ರ ಏಪ್ರಿಲ್‌ನಲ್ಲಿ, ಇದು ಕಾನೂನುಬಾಹಿರ ಹತ್ಯೆ, ಇದರಲ್ಲಿ ಅಭಿಮಾನಿಗಳ ತಪ್ಪಿಲ್ಲ ಎಂದು ಜ್ಯೂರಿ ಹೇಳಿತು. ಕಬ್ಬಿಣದ ಬೇಲಿ ತೆಗೆಯಲು ತಿಂಗಳುಗಳು ಸಾಕಾಗಿದ್ದವು. ಮನಸ್ಸಿನ ಬೇಲಿ ತೆಗೆಯಲು ಅಷ್ಟು ವರ್ಷ ಬೇಕಾಯಿತು.

ನನ್ನ ಕೆಲಸದ ಅನುಭವದಿಂದ ಒಂದು ಮಾತು. ನಮ್ಮಲ್ಲಿ ತಿರುಗುವ ಗಾಲಿಗೆ, ಬೆಲ್ಟಿಗೆ, ಪ್ರೆಸ್ಸಿಗೆ ಗಾರ್ಡ್ ಇರಲೇಬೇಕು. ಅಲ್ಲಿ ಅಪಾಯ ಯಂತ್ರದ್ದು, ರಕ್ಷಣೆ ಮನುಷ್ಯನದು. ಒಳ್ಳೆಯ ಗಾರ್ಡನ್ನು ತೆರೆದ ಕೂಡಲೇ ಯಂತ್ರ ತಾನೇ ನಿಲ್ಲುತ್ತದೆ. ಪ್ರತಿ ಸಾಲಿನಲ್ಲೂ ಒಂದು ಕೆಂಪು ಗುಂಡಿ ಇರುತ್ತದೆ. ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಯಾರನ್ನೂ ಕೇಳದೆ ಅದನ್ನು ಒತ್ತಬಹುದು. ತಪ್ಪಾಗಿ ಒತ್ತಿದರೆ ಉತ್ಪಾದನೆ ಹತ್ತು ನಿಮಿಷ ನಿಲ್ಲುತ್ತದೆ, ಯಾರೂ ಅವನನ್ನು ಬೈಯುವಂತಿಲ್ಲ. ಮೈದಾನದ ಬೇಲಿಯಲ್ಲಿ ಈ ಲೆಕ್ಕ ತಲೆಕೆಳಗು. ಅಲ್ಲಿ ಅಪಾಯವೆಂದು ಹೆಸರಿಟ್ಟಿರುವುದು ಮನುಷ್ಯನಿಗೇ. ಅಪಾಯವೆಂದು ಒಮ್ಮೆ ಹೆಸರಿಟ್ಟ ಮೇಲೆ ಅದು ಕೂಗಿದರೆ ಯಾರು ಕೇಳುತ್ತಾರೆ? ಕೆಂಪು ಗುಂಡಿಯನ್ನು ಅದರ ಕೈಗೆ ಕೊಡುವವರು ಯಾರು?

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಹಿಲ್ಸ್‌ಬರೊದಂಥದ್ದು ಎಲ್ಲೋ ಒಮ್ಮೆ ಆಗುವುದು. ಆಟಗಾರನ ಮೇಲೆ ಏನಾದರೂ ಎಸೆಯುವುದು, ಕೈಮಾಡುವುದು ಆಗಾಗ ಆಗುವುದು. ಅಪರೂಪದ ದುರಂತಕ್ಕೆ ಹೆದರಿ ದಿನನಿತ್ಯದ ಅಪಾಯಕ್ಕೆ ಆಟಗಾರನನ್ನು ಒಡ್ಡುವುದು ಸರಿಯೇ? ಇದನ್ನು ತಲೆ ಎಣಿಸಿ ತೀರ್ಮಾನಿಸಲು ಆಗುವುದಿಲ್ಲ ಎಂದು ನನಗನಿಸುತ್ತದೆ. ಎರಡು ಕೇಡುಗಳ ಹೊಣೆ ಬೇರೆಬೇರೆ. ಗುದ್ದಿದವನು ತನ್ನ ಗುದ್ದಿಗೆ ತಾನೇ ಹೊಣೆ. ಅವನನ್ನು ಹಿಡಿಯಬಹುದು, ಜೈಲಿಗೆ ಕಳಿಸಬಹುದು, ಮತ್ತೆ ಒಳಗೆ ಬಿಡದಿರಬಹುದು. ಬೇಲಿಗೆ ಒತ್ತಿಕೊಂಡು ಸತ್ತವರ ಸಾವಿಗೆ ಹೊಣೆ ಬೇಲಿ ಹಾಕಿದವರದು, ಬೀಗ ಜಡಿದವರದು. ಒಬ್ಬನ ದುರುದ್ದೇಶವನ್ನು ತಡೆಯಲೆಂದು ಏನೂ ತಪ್ಪು ಮಾಡದ ಸಾವಿರಾರು ಜನರನ್ನು, ಹತ್ತು ವರ್ಷದ ಹುಡುಗರನ್ನು, ಹೊರಬರಲಾಗದ ಜಾಗದಲ್ಲಿ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ. ಹಾಗೆಂದು ಕ್ಲಬ್ಬು ಕೈತೊಳೆದುಕೊಳ್ಳುವಂತಿಲ್ಲ. ಆಟಗಾರನನ್ನು ಕಾಯುವ ಸಾಲ ಅದರ ತಲೆಯ ಮೇಲೆ ಹಾಗೇ ಇದೆ. ಆ ಸಾಲವನ್ನು ಪ್ರೇಕ್ಷಕನ ಉಸಿರಿನಿಂದ ತೀರಿಸಬಾರದು, ತನ್ನ ಜೇಬಿನಿಂದ ತೀರಿಸಬೇಕು.

ತೀರಿಸಲು ದಾರಿ ಇದೆ. ಹಿಲ್ಸ್‌ಬರೊ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಬೇಲಿಗಳ ಮೊನೆ ತೆಗೆಯಿರಿ, 2.2 ಮೀಟರಿಗಿಂತ ಎತ್ತರ ಬೇಡ, ಜನ ಒಳಗಿರುವಷ್ಟು ಹೊತ್ತೂ ಬೇಲಿಯ ಬಾಗಿಲುಗಳು ತೆರೆದಿರಲಿ, ಅವುಗಳಿಗೆ ಬೇರೆ ಬಣ್ಣ ಬಳಿಯಿರಿ ಎಂದರು. ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಬೇಕೆಂದರು. ಇಂಗ್ಲೆಂಡಿನ ಕ್ಲಬ್ಬುಗಳು ಬೇಲಿಗಳನ್ನೇ ಕಿತ್ತುಹಾಕಿದವು. 1991ರಲ್ಲಿ ಬಂದ ಕಾಯಿದೆ, ಕಾರಣವಿಲ್ಲದೆ ಮೈದಾನಕ್ಕೆ ಇಳಿಯುವುದು, ವಸ್ತುಗಳನ್ನು ಎಸೆಯುವುದು, ಬಣ್ಣ-ಜನಾಂಗ ಹಿಡಿದು ಗುಂಪಾಗಿ ಬೈಯುವುದು ಮೂರನ್ನೂ ಅಪರಾಧವೆಂದಿತು. ಆಟಕ್ಕೆ ಬೆನ್ನು ಮಾಡಿ ಪ್ರೇಕ್ಷಕರತ್ತ ಮುಖ ಮಾಡಿ ನಿಲ್ಲುವ ಕಾವಲುಗಾರರು ಬಂದರು, ಕ್ಯಾಮೆರಾ ಬಂತು. ಎಲ್ಲರನ್ನೂ ಅನುಮಾನಿಸುವುದನ್ನು ಬಿಟ್ಟು ತಪ್ಪು ಮಾಡಿದವನನ್ನು ಹೆಸರು ಹಿಡಿದು ಹುಡುಕುವ ಕ್ರಮ ಅದು. ಗ್ರೀಲಿಶ್‌ಗೆ ಗುದ್ದಿದವನು ಮರುದಿನ ಜೈಲು ಸೇರಿದ್ದು ಹೀಗೆ. ಅವನು ಗುದ್ದುವ ಮೊದಲು ಹಿಡಿಯಲು ಇದರಿಂದ ಆಗಲಿಲ್ಲ ಎಂಬುದೂ ನಿಜ. ಆ ಉಳಿದ ಅಪಾಯವನ್ನು ಇಲ್ಲವೆನ್ನುವುದು ಆಟಗಾರರಿಗೆ ಮಾಡುವ ಮೋಸ. ಕಾವಲುಗಾರರ ಸಂಬಳ ಉಳಿಸಿ ಬೇಲಿ ಮಾತ್ರ ತೆಗೆಯುವ ಕ್ಲಬ್ಬು ಈ ಮೋಸವನ್ನೇ ಮಾಡುತ್ತದೆ.

ಇನ್ನೊಂದು ನಷ್ಟವೂ ಆಯಿತು. ಮುಂದಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಟಿಕೆಟ್ ದರ ಏರುತ್ತಲೇ ಹೋಯಿತು. ತಲೆಮಾರುಗಳಿಂದ ನಿಂತು ನೋಡುತ್ತಿದ್ದ ಎಷ್ಟೋ ದುಡಿಯುವ ಜನ ಹೊರಗುಳಿದರು. ಕಬ್ಬಿಣದ ಬೇಲಿ ಹೋದ ಜಾಗಕ್ಕೆ ದುಡ್ಡಿನ ಬೇಲಿ ಬಂತು.

ಸಾಲ್ಟ್ ಲೇಕ್‌ನಲ್ಲಿ ಈ ಎರಡನೇ ಬಗೆಯ ಬೇಲಿಯನ್ನು ನಾವು ಕಂಡೆವು. ಟಿಕೆಟ್ ಕೊಂಡವರು ಆಚೆ, ಪರಿಚಯ ಉಳ್ಳವರು ಈಚೆ. ಅಂದು ಆಟಗಾರ ಮತ್ತು ಅಭಿಮಾನಿಯ ನಡುವೆ ನಿಂತದ್ದು ಗಣ್ಯರ ಹಿಂಡು. ಕುರ್ಚಿ ಕಿತ್ತವರನ್ನು ನಾನು ಸಮರ್ಥಿಸುವುದಿಲ್ಲ, ಕುರ್ಚಿ ಕಿತ್ತದ್ದು ತಪ್ಪೇ. ಆದರೆ ಅದಕ್ಕೆ ಮದ್ದು ಇನ್ನಷ್ಟು ಎತ್ತರದ ಬೇಲಿ ಎಂದರೆ ಒಪ್ಪಲಾರೆ. ಒಳಗಿದ್ದ ಗಣ್ಯರನ್ನು ಹೊರಗೆ ಕಳಿಸಿದ್ದರೆ ಇದ್ದ ಬೇಲಿಯೇ ಸಾಕಾಗುತ್ತಿತ್ತು.

ಜನ ಸಾಯುವುದು ಆಟಗಾರ ಮತ್ತು ಅಭಿಮಾನಿಯ ನಡುವಿನ ಗೆರೆಯಲ್ಲೇ ಎಂದೂ ಅಲ್ಲ. ಅದೇ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ 1980ರ ಆಗಸ್ಟ್ 16ರಂದು ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಹೊಡೆದಾಟ ಎದ್ದು, ನೂಕುನುಗ್ಗಲಾಗಿ 16 ಮಂದಿ ಸತ್ತರು. ಇಂಡೊನೇಷ್ಯಾದ ಮಲಾಂಗ್‌ನ ಕಂಜುರುಹಾನ್ ಸ್ಟೇಡಿಯಂನಲ್ಲಿ 2022ರ ಅಕ್ಟೋಬರ್ 1ರಂದು ಸೋತ ಸಿಟ್ಟಿಗೆ ಜನ ಮೈದಾನಕ್ಕೆ ಇಳಿದರು. ಅದನ್ನು ಅಡಗಿಸಲು ಪೊಲೀಸರು ಅಶ್ರುವಾಯು ಹಾರಿಸಿದರು, ಸುಮ್ಮನೆ ಕೂತಿದ್ದವರ ಗ್ಯಾಲರಿಗೂ ಹಾರಿಸಿದರು. ಹೊರಗೋಡಿದವರು ಇಕ್ಕಟ್ಟಾದ ದ್ವಾರಗಳಲ್ಲಿ ಸಿಕ್ಕಿಕೊಂಡರು. 135 ಮಂದಿ ಸತ್ತರು. ಮೈದಾನಕ್ಕೆ ಇಳಿಯುವುದೇ ಎಲ್ಲಕ್ಕಿಂತ ದೊಡ್ಡ ಅಪರಾಧ ಎಂದು ನಂಬಿದವರು ಅದನ್ನು ತಡೆಯಲು ಏನನ್ನು ಬೇಕಾದರೂ ಮಾಡುತ್ತಾರೆ.

ಕನ್ನಡಿಗರಾದ ನಮಗಂತೂ ಇದು ದೂರದ ಕಥೆಯಲ್ಲ. ಆಟ ಬೇರೆ, ಆದರೆ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನ ಗೇಟುಗಳ ಹೊರಗೆ ಸತ್ತ 11 ಮಂದಿ ಬಂದದ್ದು ಗೆದ್ದ ಆಟಗಾರರನ್ನು ನೋಡಲಿಕ್ಕೆ, ಅಷ್ಟೇ. ಯಾರಿಗೂ ಕೇಡು ಬಗೆದು ಬಂದವರಲ್ಲ. ಆ ಸಂಜೆ ಮುಂಬೈಯಲ್ಲಿ ಕೂತು ಊರಿಗೆ ಫೋನು ಹಚ್ಚಿ ನಮ್ಮ ಮನೆಯ ಹುಡುಗರೆಲ್ಲ ಎಲ್ಲಿದ್ದಾರೆ ಎಂದು ಕೇಳದವರು ನಮ್ಮಲ್ಲಿ ಕಡಿಮೆ. ಗೇಟಿನ ಒಳಗೆ ಸಂಭ್ರಮ, ಹೊರಗೆ ಹೆಣ. ಅಭಿಮಾನಿ ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಬರಬೇಕು, ಹೇಗೆ ವಾಪಸು ಹೋಗಬೇಕು ಎಂದು ಯೋಚಿಸದೆ ಆಟಗಾರ ಎಲ್ಲಿ ನಿಲ್ಲಬೇಕೆಂದಷ್ಟೇ ಯೋಚಿಸಿದರೆ ಹೀಗಾಗುತ್ತದೆ.

ಆಟಗಾರನಿಗೂ ಅಭಿಮಾನಿ ಬೇಕು ಎಂಬುದನ್ನು ಈ ಚರ್ಚೆಯಲ್ಲಿ ನಾವು ಮರೆಯುತ್ತೇವೆ. 2018ರ ಜೂನ್‌ನಲ್ಲಿ ಅಂಧೇರಿಯ ಮುಂಬೈ ಫುಟ್‌ಬಾಲ್ ಅರೆನಾದಲ್ಲಿ ಭಾರತ ತಂಡದ ಪಂದ್ಯಕ್ಕೆ ಜನವೇ ಬಾರದೆ ಹೋದಾಗ ನಾಯಕ ಸುನಿಲ್ ಛೇತ್ರಿ ವಿಡಿಯೊ ಮಾಡಿ ಕೈಮುಗಿದು ಕರೆದರು. ಟೀಕಿಸಬೇಕೆಂದರೂ, ಬೈಯಬೇಕೆಂದರೂ ಸ್ಟೇಡಿಯಂಗೇ ಬಂದು ಎದುರಿಗೇ ಬೈಯಿರಿ ಎಂಬರ್ಥದ ಮಾತು ಅದರಲ್ಲಿತ್ತು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಮಳೆಯಲ್ಲೂ ಸ್ಟೇಡಿಯಂ ತುಂಬಿತು. ಅಲ್ಲಿ ಓಟದ ಟ್ರ್ಯಾಕ್ ಇಲ್ಲ. ಆಟಗಾರರ ಕೂಗು ಗ್ಯಾಲರಿಗೆ ಕೇಳುತ್ತದೆ, ಗ್ಯಾಲರಿಯ ಬೈಗುಳ ಆಟಗಾರರಿಗೂ ಕೇಳುತ್ತದೆ. ಬೆಂಗಳೂರಿನ ಕಂಠೀರವದಲ್ಲಾದರೆ ನಡುವೆ ಟ್ರ್ಯಾಕ್ ಇದೆ. ಆ ಅಂತರವೇ ಒಂದು ಬಗೆಯ ಕಾವಲು. ಯಾರನ್ನೂ ಅವಮಾನಿಸದ, ಯಾರ ಉಸಿರನ್ನೂ ಕಟ್ಟಿಸದ ಕಾವಲು. ಓಡಿಬರುವವನನ್ನು ಹಿಡಿಯಲು ಅಷ್ಟು ಜಾಗ ಸಾಕು, ಬೆಂಕಿ ಬಿದ್ದರೆ ಸಾವಿರ ಜನ ನಿಲ್ಲಲೂ ಅಷ್ಟು ಜಾಗ ಸಾಕು.

ಹಾಗಾಗಿ ಮಿತ್ರರಿಬ್ಬರಿಗೂ ನನ್ನ ಉತ್ತರ ಇದು. ಗೆರೆ ಬೇಕು, ಅದು ಎಲ್ಲರಿಗೂ ಕಾಣಬೇಕು, ದಾಟಿದವನಿಗೆ ಶಿಕ್ಷೆ ಆಗಬೇಕು. ಅದಕ್ಕೆ ಸೊಂಟದೆತ್ತರದ ಕಂಬಿ, ಅಂತರ, ಸಾಕಷ್ಟು ಕಾವಲುಗಾರರು ಬೇಕು. ಅರಿಕ್ಕೋಡ್‌ನಂಥ ಸಣ್ಣ ಮೈದಾನದಲ್ಲಿ ಇವಿಲ್ಲದೆ ಹೊರಗಿನ ಹುಡುಗನನ್ನು ಆಡಿಸಲು ಕರೆತರಬಾರದು. ಇಷ್ಟಾದ ಮೇಲೂ ಎತ್ತರದ ಬೇಲಿಯೇ ಬೇಕು ಎನ್ನುವವರಿಗೆ ಹೊಸ ಗಾರ್ಡ್ ಹಾಕುವಾಗ ನಾವು ಕಾರ್ಖಾನೆಯಲ್ಲಿ ಕೇಳುವ ಪ್ರಶ್ನೆಗಳನ್ನೇ ಕೇಳುತ್ತೇನೆ. ಇದು ಯಾರನ್ನು ಯಾವುದರಿಂದ ಕಾಯುತ್ತದೆ? ಒಳಗೆ ಸಿಕ್ಕಿಕೊಂಡವನು ತಾನೇ ತೆರೆಯಬಹುದೇ? ಬೀಗವಿದ್ದರೆ ಬೀಗದ ಕೈ ಹಿಡಿದವನು ಬಾಗಿಲ ಪಕ್ಕದಲ್ಲೇ ನಿಂತಿರುತ್ತಾನೆಯೇ? ಯಾರಾದರೂ ಕೂಗಿದರೆ ಅದನ್ನು ಕೂಗೆಂದೇ ಕೇಳಿಸಿಕೊಳ್ಳಲು ಅವನಿಗೆ ಹೇಳಿಕೊಟ್ಟಿದ್ದೀರಾ?

ಕೊನೆಯ ಪ್ರಶ್ನೆಗೆ ಹೌದೆನ್ನುವ ಬೇಲಿಯನ್ನು ನಾನು ಇನ್ನೂ ನೋಡಿಲ್ಲ. ನೋಡಿದ ದಿನ ಸಹಿ ಹಾಕುತ್ತೇನೆ.